ಬೆಲ್ಫೆಗೋರನ ಅವಿಭಾಜ್ಯ: ಸಂಖ್ಯೆಯ ಗುಣ ಮತ್ತು ಬರಹದ ಐತಿಹ್ಯ

ಸಂಖ್ಯೆಗಳಲ್ಲಿ ಶುಭಾಶುಭಗಳನ್ನು ಕಾಣುವುದು ಬಹುತೇಕ ಜನಸಮುದಾಯಗಳಲ್ಲಿ ರೂಢಿಯಲ್ಲಿರುವ ನಂಬಿಕೆ. ಆಧುನಿಕ ಗಣಿತಾಸಕ್ತರ ವಲಯವೂ ಇದಕ್ಕೆ ಹೊರತಲ್ಲ ಎಂಬುದಕ್ಕೆ 1000000000000066600000000000001 ಎಂಬ ಸಂಖ್ಯೆ ಉತ್ತಮ ನಿದರ್ಶನ. ಇದನ್ನು ಶೋಧಿಸಿದವರು ಅಮೆರಿಕದ ಎಂಜಿನಿಯರ್ ಹಾರ್ವಿ ಡಬ್ನರ್. 'ಬೆಲ್ಫೆಗೋರನ ಅವಿಭಾಜ್ಯ' ಎಂದು ಹೆಸರಿಸಿದವರು ಲೇಖಕ ಕ್ಲಿಫರ್ಡ್ ಪಿಕೋವರ್.

ಹಳೆಯ ಒಡಂಬಡಿಕೆಯಲ್ಲಿ ಮೋವಾಬ್ಯರ ದೇವತೆಯಾಗಿ ಬರುವ ಪೆಗೋರದ ಬಾಳನೇ ಮುಂದೆ ಕ್ರೈಸ್ತ ಐತಿಹ್ಯಗಳಲ್ಲಿ ಬೆಲ್ಫೆಗೋರನೆಂಬ ಪಿಶಾಚಿಯಾದನು. ಸಂಖ್ಯೆಯ ನಡುವಿನ 666 ಪ್ರಕಟನೆ ಗ್ರಂಥದ 13ನೆಯ ಅಧ್ಯಾಯದಲ್ಲಿ ಹೇಳಿರುವ ಮೃಗದ ಸಂಖ್ಯೆ. ಅದರ ಎರಡೂ ಪಕ್ಕಗಳಲ್ಲಿ ಪಾಶ್ಚಾತ್ಯರು ಅಶುಭವೆನ್ನುವ 13ರಷ್ಟು ಸೊನ್ನೆಗಳಿವೆ. ಒಟ್ಟು ಅಂಕಿಗಳು 31. ಅದು 13ರ ತಿರುವು.

ಗಣಿತದ ದೃಷ್ಟಿಯಿಂದ ಇದು ಗತಪ್ರತ್ಯಾಗತ ಸಂಖ್ಯೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂತಹ ಸಂಖ್ಯೆಯಲ್ಲಿ ಅಂಕಿಗಳ ಎಣಿಕೆ ಸಮವಾಗಿದ್ದರೆ ಅದು 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿ ಕಳೆದಾಗ ಪ್ರತಿಯೊಂದು ಅಂಕಿಯೂ ತನ್ನ ಪ್ರತಿಬಿಂಬದೊಡನೆ ಸೇರಿ ಸೊನ್ನೆಯಾಗುವುದೇ ಇದಕ್ಕೆ ಕಾರಣ. ಆದುದರಿಂದ 11ನ್ನುಳಿದು ಗತಪ್ರತ್ಯಾಗತವಾದ ಅವಿಭಾಜ್ಯಗಳೆಲ್ಲವೂ ಬೆಸ ಎಣಿಕೆಯ ಅಂಕಿಗಳುಳ್ಳವು. 666ರ ಎರಡೂ ಪಕ್ಕಗಳಲ್ಲಿ ಸಮನಾಗಿ ಸೊನ್ನೆಗಳನ್ನಿಟ್ಟು, ತುದಿಗಳಲ್ಲಿ ಒಂದನ್ನು ಬರೆಯುತ್ತ ಹೋದರೆ, ಸೊನ್ನೆಯೇ ಇಲ್ಲದ 16661 ಅವಿಭಾಜ್ಯ. ಪಕ್ಕಕ್ಕೆ 1ರಿಂದ 12 ಸೊನ್ನೆಗಳವರೆಗೆ ಒಂದೂ ಅವಿಭಾಜ್ಯವಲ್ಲ. 13ಕ್ಕೆ ಮತ್ತೆ ದೊರೆತು, ಅದರ ಮುಂದಿನದು 42ಕ್ಕೆ. 666ನ್ನು ಆರಿಸಿದವನು ಮನುಷ್ಯ. 13 ಮಾತ್ರ ಗಣಿತ ತಾನಾಗಿ ನೀಡಿದ ಉತ್ತರ. ಐತಿಹ್ಯಕ್ಕೆ ಬಲ ಬಂದುದು ಈ ಆಕಸ್ಮಿಕದಿಂದಲೇ.

ಇಂತಹ ಆಕೃತಿಗೆ ಮನಸೋಲುವುದು ಹೊಸದೇನಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ, 9ನೆಯ ಶತಮಾನದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ 142857143ನ್ನು 7ರಿಂದ ಗುಣಿಸಿ 1000000001ನ್ನು ಪಡೆಯುತ್ತಾನೆ. ಇಂತಹ ಗುಣಲಬ್ಧಗಳನ್ನು ಅವನು ಕಂಠಾಭರಣಗಳಿಗೆ ಹೋಲಿಸುತ್ತಾನೆ. ತುದಿಗಳಲ್ಲಿ ಒಂದು, ನಡುವೆ ಸೊನ್ನೆಗಳ ಸಾಲು: ಆಕೃತಿ ಹೆಚ್ಚುಕಡಿಮೆ ಅದೇ. ಒಂದು ಪರಂಪರೆ ಅದರಲ್ಲಿ ಹಾರವನ್ನು ಕಂಡಿತು. ಇನ್ನೊಂದು ನಡುವೆ 666ನ್ನಿಟ್ಟು ಪಿಶಾಚಿಯನ್ನು ಕಂಡಿತು. ಮಹಾವೀರನ ಹಾರ 7ರಿಂದ ಭಾಗವಾಗುತ್ತದೆ; ಬೆಲ್ಫೆಗೋರನ ಸಂಖ್ಯೆಯನ್ನು 7ರಿಂದ ಭಾಗಿಸಿದರೆ ಶೇಷ 4.

ಇಲ್ಲಿ ಎರಡು ಬಗೆಯ ಗುಣಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಇದೇ ಸಂಖ್ಯೆಯನ್ನು ದ್ವಿಮಾನ ಪದ್ಧತಿಯಲ್ಲಿ ಬರೆದರೆ 100 ಅಂಕಿಗಳಾಗುತ್ತವೆ. ಆಗ 666 ಕಾಣದು, 13 ಸೊನ್ನೆಗಳ ಸಾಲುಗಳು ಉಳಿಯವು, ಗತಪ್ರತ್ಯಾಗತವೂ ಅಳಿಯುತ್ತದೆ. ಅವಿಭಾಜ್ಯತೆ ಮಾತ್ರ ಅಳಿಯುವುದಿಲ್ಲ. ಅದು ಸಂಖ್ಯೆಯ ಗುಣ. ಉಳಿದುದೆಲ್ಲ ದಶಮಾನ ಬರಹದ ಗುಣ. ಸಂಖ್ಯಾಜಾನಪದ ಹುಟ್ಟುವುದು ಈ ಬರಹದಲ್ಲಿ. ಐತಿಹ್ಯವನ್ನು ಗಣಿತವೆಂದು ನಂಬುವುದು ಎಷ್ಟು ತಪ್ಪೋ, ಅದು ಗಣಿತವಲ್ಲವೆಂಬ ಕಾರಣಕ್ಕೆ ಅಧ್ಯಯನದಿಂದ ದೂರವಿಡುವುದೂ ಅಷ್ಟೇ ತಪ್ಪು.