ಕಾಂಡ್ಲ ಗಿಡಗಳೊಳಗಿನ ಕಾಣದ ನಿವಾಸಿಗಳು

ಹೊಳೆಯ ಸಿಹಿನೀರೂ ಸಮುದ್ರದ ಉಪ್ಪುನೀರೂ ಸಂಧಿಸುವ ಅಳಿವೆಗಳ ಕೆಸರಿನಲ್ಲಿ ಕಾಂಡ್ಲ ವನಗಳು ಬೆಳೆಯುತ್ತವೆ. ನೇತ್ರಾವತಿ, ಗಂಗೊಳ್ಳಿ, ಶರಾವತಿ, ಅಘನಾಶಿನಿ, ಕಾಳಿ ಮುಂತಾದ ಹೊಳೆಗಳ ಮುಖಗಳಲ್ಲಿ ಇವನ್ನು ಕಾಣಬಹುದು. ಇವುಗಳ ಊರೆಬೇರುಗಳೂ, ಕೆಸರಿನಿಂದ ಮೇಲಕ್ಕೆ ತಲೆಯೆತ್ತುವ ಉಸಿರುಬೇರುಗಳೂ, ತಾಯಿಗಿಡದ ಮೇಲೆಯೇ ಮೊಳೆಯುವ ಬೀಜಗಳೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಸಸ್ಯಶಾಸ್ತ್ರದ ಪಾಠದಿಂದ ಪರಿಚಿತವಾಗಿರುವುವು. ಆದರೆ ಆರೋಗ್ಯದಿಂದಿರುವ ಒಂದು ಹಸುರೆಲೆಯೊಳಗೆ ಅನೇಕ ಬಗೆಯ ಶಿಲೀಂಧ್ರಗಳು ಗಿಡಕ್ಕೆ ಯಾವ ರೋಗವನ್ನೂ ತಾರದೆ ವಾಸಿಸುತ್ತಿರುವುವೆಂಬುದು ಅಷ್ಟಾಗಿ ವಿದಿತವಲ್ಲ.

ಶಿಲೀಂಧ್ರವೆಂದರೆ ಅಣಬೆ, ಹಳಸಿದ ರೊಟ್ಟಿಯ ಬೂಸಲು ಇವುಗಳ ಕುಲ. ಗಿಡದೊಳಗೆ ನೆಲಸಿದವುಗಳನ್ನು ಅಂತರ್ವಾಸಿ ಶಿಲೀಂಧ್ರಗಳೆಂದು ಕರೆಯೋಣ. ಜರ್ಮನಿಯ ಸಸ್ಯಶಾಸ್ತ್ರಜ್ಞ ಆಂಟನ್ ಡಿ ಬಾರಿಯವರು 1866ರಲ್ಲಿಯೇ ಇಂಥವುಗಳಿಗೆ ಪ್ರತ್ಯೇಕವಾದ ಹೆಸರನ್ನಿತ್ತರು.

ಇವು ಎಲೆಯ ಮೇಲೆ ಕುಳಿತ ಧೂಳಿನೊಡನೆ ಬಂದವಲ್ಲ, ಒಳಗಿನವೇ ಎಂದು ತಿಳಿಯುವುದು ಹೇಗೆ? ಸಂಶೋಧಕರು ಎಲೆಯ ತುಂಡುಗಳನ್ನು ಮದ್ಯಸಾರದಲ್ಲಿಯೂ ಕ್ರಿಮಿನಾಶಕ ದ್ರಾವಣದಲ್ಲಿಯೂ ಅದ್ದಿ, ಶುದ್ಧಜಲದಿಂದ ತೊಳೆಯುವರು. ಆಮೇಲೆ ಕಡಲಪಾಚಿಯಿಂದ ತೆಗೆದ ಅಗಾರ್ ಎಂಬ ಲೋಳೆಯ ಮೇಲೆ ಅವನ್ನಿಟ್ಟು ಕೆಲವು ದಿನ ಕಾಯುವರು. ತೊಳೆದ ಕೊನೆಯ ನೀರನ್ನೂ ಬೇರೊಂದು ತಟ್ಟೆಯಲ್ಲಿ ಹಾಕಿಡುವರು. ಆ ತಟ್ಟೆಯಲ್ಲಿ ಏನೂ ಬೆಳೆಯದೆ ಎಲೆಯ ತುಂಡಿನಿಂದ ಮಾತ್ರ ಎಳೆಗಳು ಹೊರಟರೆ, ಅವು ಒಳಗಿನವೇ ಎಂಬುದು ಸಿದ್ಧವಾಗುವುದು. ಸಂದೇಹವನ್ನು ಹೀಗೆ ತಾನಾಗಿಯೇ ಪರೀಕ್ಷಿಸಿಕೊಳ್ಳುವುದು ವಿಜ್ಞಾನದ ಮುಖ್ಯ ಲಕ್ಷಣವಾಗಿದೆ.

ತಮಿಳುನಾಡಿನ ಪಿಚ್ಚಾವರಂ ವನದ ಎಲೆಗಳನ್ನು ಕುರಿತ ಸಂಶೋಧನೆಯು 1998ರಲ್ಲಿಯೂ, ಪಶ್ಚಿಮ ಕರಾವಳಿಯ ಕಾಂಡ್ಲ ಗಿಡಗಳ ಬೇರುಗಳನ್ನು ಕುರಿತ ಮಂಗಳೂರು ವಿಶ್ವವಿದ್ಯಾನಿಲಯದವರ ಸಂಶೋಧನೆಯು 2002ರಲ್ಲಿಯೂ ಪ್ರಕಟವಾದುವು. ಇಂಥ ಅಭ್ಯಾಸಗಳಿಂದ ತಿಳಿದುಬರುವುದೇನೆಂದರೆ, ಈ ನಿವಾಸಿಗಳು ಎಲ್ಲೆಡೆಯೂ ಸಮನಾಗಿ ಹಂಚಿಕೊಂಡಿಲ್ಲ. ಒಂದು ಜಾತಿಯ ಗಿಡದಲ್ಲಿ ಹೇರಳವಾಗಿರುವುದು ಪಕ್ಕದ ಮತ್ತೊಂದು ಜಾತಿಯಲ್ಲಿ ವಿರಳವಾಗಿರಬಹುದು. ಎಲೆಯಲ್ಲಿರುವ ಗುಂಪು ಬೇರೆ, ಬೇರಿನಲ್ಲಿರುವ ಗುಂಪು ಬೇರೆ. ಚಿಗುರಿಗಿಂತ ಬಲಿತ ಎಲೆಯಲ್ಲಿ ಇವು ಹೆಚ್ಚು; ಬೇಸಗೆಗಿಂತ ಮಳೆಗಾಲದಲ್ಲಿ ಹೆಚ್ಚು. ಗಾಳಿಮಳೆಗಳೊಡನೆ ಬರುವ ಬೀಜಕಣಗಳು ಎಲೆಯನ್ನು ಹೊಕ್ಕು ನೆಲಸುವುದೇ ಇದಕ್ಕೆ ಕಾರಣ. ಕೆಲವು ಬಗೆಗಳು ಪದೇ ಪದೇ ಸಿಕ್ಕುವುವು. ಬಹು ಬಗೆಗಳು ಒಂದೆರಡು ಸಲ ಮಾತ್ರ. ಆದುದರಿಂದ ಒಂದು ಗಿಡವನ್ನು ನೋಡಿ ವನವನ್ನೆಲ್ಲಾ ಬಲ್ಲೆವೆನ್ನುವಂತಿಲ್ಲ.

ಎಲೆಯು ಹಣ್ಣಾಗಿ ಉದುರಿದಾಗ, ಅದುವರೆಗೆ ಶಾಂತವಾಗಿದ್ದ ಅತಿಥಿಗಳಲ್ಲಿ ಕೆಲವು ಅದನ್ನು ಕೊಳೆಯಿಸುವ ಕೆಲಸಕ್ಕೆ ತೊಡಗುವುವು. ಕೊಳೆತ ಎಲೆಯೇ ಏಡಿ, ಸೀಗಡಿ, ಮೀನುಮರಿಗಳ ಆಹಾರದ ಮೂಲ. ಹೀಗೆ ಬೆಸ್ತರ ಮನೆಯ ಅನ್ನಕ್ಕೂ ಕಣ್ಣಿಗೆ ಕಾಣದ ಈ ಎಳೆಗಳಿಗೂ ಸಂಬಂಧವುಂಟು. ರೋಗಾಣುಗಳನ್ನು ತಡೆಯುವ ಶಕ್ತಿಯುಳ್ಳ ವಸ್ತುಗಳು ಇವುಗಳಲ್ಲಿ ಕೆಲವದರಿಂದ ಪ್ರಯೋಗಶಾಲೆಗಳಲ್ಲಿ ದೊರೆತಿವೆ. 1928ರಲ್ಲಿ ಫ್ಲೆಮಿಂಗರು ಕಂಡ ಪೆನಿಸಿಲಿನ್ ಸಹ ಬೂಸಲಿನಿಂದಲೇ ದೊರೆತುದಷ್ಟೆ. ಆದರೆ ತಟ್ಟೆಯಲ್ಲಿ ಕಂಡ ಗುಣಕ್ಕೂ ರೋಗಿಗೆ ಕೊಡತಕ್ಕ ಔಷಧಕ್ಕೂ ನಡುವೆ ಬಹುದೂರದ ಹಾದಿಯಿದೆಯೆಂಬುದನ್ನು ಮರೆಯಲಾಗದು.

ಕೆಸರು, ಸೊಳ್ಳೆ, ದುರ್ವಾಸನೆಗಳ ನೆಲವೆಂದು ಕಾಂಡ್ಲ ವನಗಳನ್ನು ಕಡಿದು, ಸೀಗಡಿಯ ಕೆರೆಗಳಿಗೂ ಕಟ್ಟಡಗಳಿಗೂ ಎಡೆಮಾಡಿಕೊಟ್ಟುದುಂಟು. ಮರವನ್ನು ಕಡಿದವನು ಸೌದೆಯನ್ನು ಲೆಕ್ಕ ಹಾಕುತ್ತಾನೆ; ಅದರೊಂದಿಗೆ ಇನ್ನೂ ಹೆಸರು ಪಡೆಯದ ಎಷ್ಟು ಜೀವಿಗಳು ಅಳಿದುವೆಂಬುದು ಯಾರ ಲೆಕ್ಕದಲ್ಲಿಯೂ ಸೇರುವುದಿಲ್ಲ. ಅಘನಾಶಿನಿಯ ಅಳಿವೆಯು ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿದುದು ಸಂತೋಷದ ಸಂಗತಿ. ಆದರೆ ಪಟ್ಟಿಯೊಂದೇ ಕಾವಲಾಗದು, ದಡದಲ್ಲಿ ವಾಸಿಸುವವರ ಆದರವೂ ಬೇಕು.

ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ನಿಮ್ಮ ಹೆಣ್ಣುಮಕ್ಕಳು ಕೆಸರು ಮೆತ್ತಿದ ಕಾಲುಗಳಿಂದ, ಕೈಯಲ್ಲಿ ಒಂದು ಕಾಂಡ್ಲದ ಎಲೆಯೊಡನೆ ಮನೆಗೆ ಬಂದರೆ ಗದರಿಸಬೇಡಿರಿ. ಕಾಲನ್ನು ತೊಳೆಯಿಸಿರಿ, ಎಲೆಯಲ್ಲಿ ಏನು ಕಂಡೆಯೆಂದು ಕೇಳಿರಿ. ಇನ್ನೂ ಹೆಸರಿಲ್ಲದ ನಿವಾಸಿಗಳಿಗೆ ಮುಂದೆ ಹೆಸರಿಡುವವಳು ಅವರಲ್ಲಿಯೇ ಒಬ್ಬಳಾಗಿರಬಹುದು.