ಕೀ ಬಿಟ್ಟರೆ ಸಾಯುವ ಇಂಜಿನ್, ತಿಪಟೂರಿನಿಂದ ಅಪ್ಪನ ಫೋನ್

ಕೀ ತಿರುಗಿಸಿದರೆ ಇಂಜಿನ್ ಸ್ಟಾರ್ಟ್ ಆಗುತ್ತಿತ್ತು. ಕೀ ಬಿಟ್ಟರೆ ಆಫ್. ಮತ್ತೆ ತಿರುಗಿಸಿದೆ. ಗುರ್ರ್ ಅಂತು, ಕೀ ಬಿಟ್ಟೆ, ಸತ್ತಿತು. ಇದೇ ಆಟದಲ್ಲಿ ಮೂರು ವೀಕೆಂಡ್ ಹೋದವು, ಎರಡು ಸಲ ಬ್ಯಾಟರಿ ಕುಳಿತಿತು. ‘ನಿಮ್ಮ ಮಗು ಇವತ್ತಾದ್ರೂ ಅಳ್ತಾ?’ ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿ ಕೇಳುವಷ್ಟರ ಮಟ್ಟಿಗೆ ನನ್ನ ಗ್ಯಾರೇಜು ಮನೆಯ ಜೋಕ್ ಆಗಿತ್ತು.

ನಾನಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಎರಡು ವರ್ಷದಿಂದ ಮನೆ ಪಕ್ಕದ ಸಣ್ಣ ಗ್ಯಾರೇಜಿನಲ್ಲಿ ನಾನೇ ಒಂದು ಕಾರು ಕಟ್ಟುತ್ತಿದ್ದೇನೆ. ಹೌದು, ಕೊಳ್ಳುತ್ತಿಲ್ಲ, ಕಟ್ಟುತ್ತಿದ್ದೇನೆ.

ಮನೆಯಲ್ಲೇ ಕಾರು ಕಟ್ಟೋದಾ?

ಇಲ್ಲಿ ಇದು ಹೊಸ ಹುಚ್ಚೇನಲ್ಲ. 1957ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ ‘ಸೆವೆನ್’ ಎಂಬ ಪುಟ್ಟ ಕಾರನ್ನು ಬಿಡಿಭಾಗಗಳ ಕಿಟ್ ರೂಪದಲ್ಲೂ ಮಾರಿತು. ಪೂರ್ತಿ ತಯಾರಾದ ಕಾರಿನ ಮೇಲೆ ಆಗ ಇದ್ದ ಪರ್ಚೇಸ್ ಟ್ಯಾಕ್ಸ್ ಕಿಟ್‌ಗೆ ಬೀಳುತ್ತಿರಲಿಲ್ಲ. ಹಾಗಾಗಿ ಜನ ಕಿಟ್ ತಂದು ಮನೆಯಲ್ಲೇ ಜೋಡಿಸಿಕೊಂಡರು. 1973ರಲ್ಲಿ ಆ ಮಾದರಿಯ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು, ಇವತ್ತಿಗೂ ಅದು ತಯಾರಾಗುತ್ತಿದೆ. 1996ರಲ್ಲಿ ರಾನ್ ಚಾಂಪಿಯನ್ ಎಂಬುವರು ಬರೀ 250 ಪೌಂಡ್‌ನಲ್ಲಿ ಇಂಥದ್ದೊಂದು ಕಾರು ಮಾಡುವುದು ಹೇಗೆ ಅಂತ ಪುಸ್ತಕವನ್ನೇ ಬರೆದರು. ಅದನ್ನು ಓದಿ ಎಷ್ಟೋ ಜನ ವೆಲ್ಡಿಂಗ್ ಕಲಿತರು.

ನಾನು ಅಷ್ಟು ಧೈರ್ಯಶಾಲಿಯಲ್ಲ. ಒಬ್ಬ ಸಣ್ಣ ತಯಾರಕರಿಂದ ಚಾಸಿ ಮತ್ತು ಫೈಬರ್ ಬಾಡಿ ತರಿಸಿದೆ. ಇಂಜಿನ್, ಗೇರ್‌ಬಾಕ್ಸ್, ವೈರಿಂಗ್ ಎಲ್ಲಾ ತುಕ್ಕು ಹಿಡಿದು ಗುಜರಿಗೆ ಹೊರಟಿದ್ದ 1992ರ ಮಜ್ದಾ ಎಂಎಕ್ಸ್-5 ಕಾರಿನದ್ದು. 1600 ಸಿಸಿ, ಸುಮಾರು 115 ಅಶ್ವಶಕ್ತಿ. ಆ ಕಾರಿನ ಕೆಳಭಾಗ ಹಪ್ಪಳದಂತೆ ಉದುರುತ್ತಿತ್ತು, ಆದರೆ ಇಂಜಿನ್ ಗಟ್ಟಿ. ಅದು ಫ್ಯೂಯಲ್ ಇಂಜೆಕ್ಷನ್ ಇಂಜಿನ್.

ಅಪ್ಪನಿಗೂ ನನಗೂ ನಡುವೆ ಮುಜುಗರ ಶುರುವಾಗಿದ್ದು ಆ ಒಂದು ಪದದಿಂದ.

ಬಿ.ಎಚ್. ರಸ್ತೆಯ ಶೆಡ್ಡು

ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಅಪ್ಪನದೊಂದು ಶೆಡ್ ಇತ್ತು. ಕೊಬ್ಬರಿ ಮಂಡಿ ಸಾಹುಕಾರರ ಅಂಬಾಸಿಡರ್, ಪದ್ಮಿನಿ, ಆಮೇಲೆ ಮಾರುತಿ 800, ಓಮ್ನಿ ಎಲ್ಲಾ ಅಲ್ಲಿಗೇ ಬರುತ್ತಿದ್ದವು. ಅಪ್ಪ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ‘ಮೂರನೇದು ಮಿಸ್ಸಿಂಗು’ ಅನ್ನುತ್ತಿದ್ದ. ಕಾರ್ಬೊರೇಟರ್ ಬಿಚ್ಚಿ, ಜೆಟ್ ಊದಿ, ಟ್ಯೂನ್ ಮಾಡುವುದರಲ್ಲಿ ಅವನಿಗೆ ಸಾಟಿ ಇರಲಿಲ್ಲ.

2000ನೇ ಇಸವಿಯ ಆಸುಪಾಸು ಮಾಲಿನ್ಯದ ನಿಯಮ ಬಿಗಿಯಾಯಿತು. ಮಾರುತಿ 800 ಕೂಡ ಎಂಪಿಎಫ್ಐ ಆಯಿತು. ಕಾರ್ಬೊರೇಟರ್ ಹೋಗಿ ಇಂಜೆಕ್ಟರ್, ಸೆನ್ಸರ್, ಇಸಿಯು ಎಂಬ ಪೆಟ್ಟಿಗೆ ಬಂದವು. ಅದನ್ನು ನೋಡೋಕೆ ಸ್ಕ್ಯಾನರ್ ಬೇಕು ಅಂತ ಜನ ಕಾರುಗಳನ್ನು ತುಮಕೂರಿಗೆ ಒಯ್ಯತೊಡಗಿದರು. 2011ರಲ್ಲಿ ಅಪ್ಪ ಶೆಡ್ ಮುಚ್ಚಿದ. ಪಾನಾ ಸೆಟ್ಟುಗಳನ್ನೆಲ್ಲ ಮಾರಿದ, ಆ ಸ್ಕ್ರೂಡ್ರೈವರ್ ಒಂದನ್ನು ಬಿಟ್ಟು.

ನಾನು ಕಾರು ಕಟ್ಟುತ್ತೇನೆ ಅಂದಾಗ ಅವನಿಗೆ ಖುಷಿಯಾಗಿತ್ತು. ಇಂಜೆಕ್ಷನ್ ಇಂಜಿನ್ ಅಂದ ಕೂಡಲೇ ದನಿ ಇಳಿಯಿತು. ‘ಅದ್ರಲ್ಲಿ ನಂಗೇನ್ ಗೊತ್ತೈತೆ? ಕಂಪ್ಯೂಟ್ರು ಓದಿದೋನು ನೀನು’ ಅಂದುಬಿಟ್ಟ. ಆಮೇಲೆ ಕಾರಿನ ಸುದ್ದಿ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು. ಇದು ಅಪ್ಪನ ಕಾಲದ್ದಲ್ಲ, ಅವನನ್ನು ಕೇಳಿ ಏನು ಪ್ರಯೋಜನ ಅಂತ.

ಕಾರ್ಬೊರೇಟರ್ ಬೇರೆ, ಇದು ಬೇರೆ

ಕಾರ್ಬೊರೇಟರ್‌ನಲ್ಲಿ ಇಂಜಿನ್ ಎಳೆಯುವ ಗಾಳಿಯೇ ಪೆಟ್ರೋಲನ್ನು ಹೀರಿಕೊಳ್ಳುತ್ತದೆ. ಪಂಪಿನ ಒತ್ತಡ ಕಾಲು ಬಾರ್ ಇದ್ದರೆ ಸಾಕು. ಇಂಜೆಕ್ಷನ್‌ನಲ್ಲಿ ವಿದ್ಯುತ್ ಪಂಪು ಹೆಚ್ಚುಕಡಿಮೆ ಹತ್ತು ಪಟ್ಟು ಒತ್ತಡದಲ್ಲಿ ಪೆಟ್ರೋಲನ್ನು ಇಂಜೆಕ್ಟರಿನ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಎಷ್ಟು ಗಾಳಿ ಬಂತು, ಪಿಸ್ಟನ್ ಎಲ್ಲಿದೆ, ಇಂಜಿನ್ ಬಿಸಿ ಎಷ್ಟು ಎಂದು ಸೆನ್ಸರ್‌ಗಳು ಇಸಿಯುಗೆ ಹೇಳುತ್ತವೆ. ಅದು ಲೆಕ್ಕ ಹಾಕಿ ಇಂಜೆಕ್ಟರನ್ನು ಸೆಕೆಂಡಿನ ಸಾವಿರದ ಕೆಲವು ಭಾಗದಷ್ಟು ಹೊತ್ತು ತೆರೆಯುತ್ತದೆ.

ಕಂಪನಿ ಕಾರಿನಲ್ಲಿ ಇದೆಲ್ಲ ಕೂಡಿಸಿಯೇ ಬಂದಿರುತ್ತದೆ. ಮನೆಯಲ್ಲಿ ಕಟ್ಟುವವನಿಗೆ ಪ್ರತಿಯೊಂದೂ ಪ್ರಶ್ನೆ. ಸಾಮಾನ್ಯ ರಬ್ಬರ್ ಪೈಪು ಆ ಒತ್ತಡಕ್ಕೆ ಆಗಿಬರಲ್ಲ, ಇಂಜೆಕ್ಷನ್‌ಗೆಂದೇ ಮಾಡಿದ್ದು ಬೇಕು. ಮಿಕ್ಕ ಪೆಟ್ರೋಲು ಟ್ಯಾಂಕಿಗೆ ವಾಪಸ್ ಹೋಗಲು ಇನ್ನೊಂದು ಪೈಪು. ತಿರುವಿನಲ್ಲಿ ಪೆಟ್ರೋಲು ಒಂದು ಕಡೆಗೆ ಸರಿದರೆ ಪಂಪು ಗಾಳಿ ನುಂಗುತ್ತದೆ, ಅದಕ್ಕೆ ಟ್ಯಾಂಕಿನೊಳಗೆ ತಡೆ ಬೇಕು.

ವೈರಿಂಗ್ ಅಂತೂ ಬಿಚ್ಚಿಟ್ಟ ಶ್ಯಾವಿಗೆ. ಹಳೆ ಕಾರಿನಿಂದ ತೆಗೆಯುವಾಗ ಪ್ರತಿ ಕನೆಕ್ಟರಿಗೂ ಟೇಪ್ ಸುತ್ತಿ ಕನ್ನಡದಲ್ಲಿ ಬರೆದೆ: ‘ಗಾಳಿ’, ‘ಬಿಸಿ’, ‘ಪಂಪು’, ‘ಗೊತ್ತಿಲ್ಲ 1’, ‘ಗೊತ್ತಿಲ್ಲ 2’. ಕಾರ್ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದ ಪಕ್ಕದ ಮನೆಯ ಅಜ್ಜ ಅದನ್ನು ನೋಡಿ, ಇಂಥ ಕಳ್ಳರಿಗೆ ಗೊತ್ತಾಗದ ವೈರಿಂಗ್ ನಾನು ನೋಡೇ ಇಲ್ಲ ಎಂದು ನಕ್ಕರು.

ಮೊದಲ ಏಟು

ಎಲ್ಲ ಜೋಡಿಸಿದ ಮೇಲೆ ಮೊದಲು ಪ್ಲಗ್ ಬಿಚ್ಚಿಟ್ಟು ಸೆಲ್ಫ್ ಹೊಡೆಯಬೇಕು, ಆಯಿಲ್ ಎಲ್ಲಾ ಕಡೆ ಏರಲಿ ಎಂದು. ಕೀ ತಿರುಗಿಸಿದೆ. ‘ಟಕ್’. ಅಷ್ಟೇ.

ಅರ್ಧ ದಿನ ಹುಡುಕಿದ ಮೇಲೆ ಸಿಕ್ಕಿತು. ಚಾಸಿಗೆ ಚಂದದ ಪೌಡರ್ ಕೋಟಿಂಗ್ ಮಾಡಿಸಿದ್ದೆ. ಆ ಬಣ್ಣದ ಮೇಲೇ ಅರ್ತ್ ವೈರಿನ ಬೋಲ್ಟ್ ಬಿಗಿದಿದ್ದೆ. ಬಣ್ಣದೊಳಗೆ ಕರೆಂಟ್ ಹರಿಯೋದುಂಟೆ? ಇಂಜಿನ್ ಕೂತಿರುವುದು ರಬ್ಬರಿನ ಮೇಲೆ, ಬಾಡಿ ಫೈಬರಿನದು, ಅದಕ್ಕೆ ಅರ್ತ್ ಸಿಗುವ ಬೇರೆ ದಾರಿಯೇ ಇಲ್ಲ. ಬಣ್ಣ ಕೆರೆದು ಬರಿ ಲೋಹಕ್ಕೆ ಕೂರಿಸಿದೆ, ಇಂಜಿನ್ನಿಂದ ಚಾಸಿಗೆ ದಪ್ಪನೆಯ ಪಟ್ಟಿ ಹಾಕಿದೆ. ಸೆಲ್ಫ್ ಗಿರ್ರನೆ ತಿರುಗಿತು.

ಡಯಾಗ್ನೋಸ್ಟಿಕ್ ಪೆಟ್ಟಿಗೆಯಲ್ಲಿ ಎಫ್/ಪಿ ಮತ್ತು ಗ್ರೌಂಡ್ ಎಂಬ ಎರಡು ಕಿಂಡಿಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ ಕೀ ಆನ್ ಮಾಡಿದರೆ ಈ ಕಾರಿನ ಪಂಪು ಓಡುತ್ತದೆ. ಹಾಗೆ ಓಡಿಸಿ ಪೈಪುಗಳಲ್ಲಿ ಸೋರಿಕೆ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. ಪ್ಲಗ್ ಹಾಕಿದೆ, ಕೀ ತಿರುಗಿಸಿದೆ. ಇಂಜಿನ್ ಹತ್ತಿಕೊಂಡಿತು! ಕುಣಿಯಬೇಕು ಅನ್ನುವಷ್ಟರಲ್ಲಿ ಸತ್ತಿತು.

ಮುಂದಿನ ಮೂರು ವಾರದ ಕಥೆ ನಿಮಗೆ ಗೊತ್ತು. ಈ ಇಸಿಯು ಹಳೆಯದು, ಈಗಿನ ಸ್ಕ್ಯಾನರ್ ಸಿಕ್ಕಿಸಲು ಬರುವುದಿಲ್ಲ. ದೋಷವಿದ್ದರೆ ಒಂದು ದೀಪ ಮಿಣುಕಿಸಿ ಹೇಳುತ್ತದೆ. ಅದು ಏನೂ ಹೇಳಲಿಲ್ಲ. ನಾನು ಸೆಕೆಂಡ್ ಹ್ಯಾಂಡ್ ಇಸಿಯು ತರಿಸಿದೆ. ಪಂಪಿನ ರಿಲೇ ಬದಲಿಸಿದೆ. ಆಫೀಸಿನಲ್ಲಿ ಹೀಗೆ ಕಣ್ಣುಮುಚ್ಚಿ ಬಗ್ ಹುಡುಕುವವರನ್ನು ಕಂಡರೆ ನಾನೇ ಬೈಯುತ್ತೇನೆ.

‘ಮುಖ ತೋರಿಸ್ಬೇಡ, ಶಬ್ದ ಕೇಳ್ಸು’

ಫೆಬ್ರವರಿಯ ಭಾನುವಾರ ಮಧ್ಯಾಹ್ನ. ಅಲ್ಲಿ ರಾತ್ರಿ ಏಳೂವರೆ. ಅಮ್ಮ ವಿಡಿಯೋ ಕಾಲ್ ಮಾಡಿದಾಗ ನಾನು ಗ್ರೀಸ್ ಕೈಯಲ್ಲೇ ತೆಗೆದೆ. ‘ಯಾಕೋ ಮಖ ಹಿಂಗೈತೆ?’ ಅಂದಳು. ಹೇಳಿದೆ. ಅವಳು ಏನೂ ಮಾತಾಡದೆ ಫೋನನ್ನು ಅಪ್ಪನ ಕೈಗೆ ಕೊಟ್ಟಳು.

‘ಏನಾಗೈತೆ?’

‘ಹತ್ಕೊಳ್ಳುತ್ತೆ ಅಪ್ಪ. ಕೀ ಬಿಟ್ಟ ಕೂಡ್ಲೇ ಆಫ್ ಆಗುತ್ತೆ.’

‘ಫೋನು ಇಂಜಿನ್ ಪಕ್ಕ ಇಡು. ಮುಖ ತೋರಿಸ್ಬೇಡ, ಶಬ್ದ ಕೇಳ್ಸು. ಸೆಲ್ಫ್ ಹೊಡಿ.’

ಹೊಡೆದೆ. ಸತ್ತಿತು. ‘ಇನ್ನೊಂದ್ ಸಲ.’ ಮತ್ತೆ ಹೊಡೆದೆ. ಆ ಕಡೆ ಒಂದು ನಿಮಿಷ ಸದ್ದಿಲ್ಲ. ಲೈನ್ ಕಟ್ ಆಯಿತೇನೋ ಅಂದುಕೊಂಡೆ.

‘ಕೂಡ್ಲೇ ಅಲ್ಲ ಕಣೋ. ಒಂದು ಉಸ್ರು ತಗೊಂಡು ಸಾಯ್ತೈತೆ. ಕರೆಂಟ್ ಹೋಗಿದ್ರೆ ಕತ್ತರಿಸ್ದಂಗೆ ನಿಲ್ತಿತ್ತು. ಇದು ಹೊಟ್ಟೆಗಿಲ್ದೆ ಸಾಯ್ತಿರೋದು. ಪೆಟ್ರೋಲು.’

‘ಪಂಪ್ ಓಡುತ್ತೆ ಅಪ್ಪ, ನಾನೇ ಓಡ್ಸಿ ನೋಡಿದ್ದೀನಿ.’

‘ನೀನು ಓಡ್ಸಿದ್ರೆ ಓಡ್ತೈತೆ. ಅದಾಗೇ ಓಡ್ತೈತಾ? ಹಳೇ ಗಾಡಿಗಳಲ್ಲಿ ಕೆಲವಕ್ಕೆ ಕಾಯಿಲ್‌ಗೆ ಬಲಾಸ್ಟ್ ಅಂತ ಒಂದಿತ್ತು. ಸೆಲ್ಫ್ ಹೊಡೀವಾಗ ಕರೆಂಟ್ ಬರೋ ದಾರಿ ಬೇರೆ, ಕೀ ಬಿಟ್ಮೇಲೆ ಬರೋ ದಾರಿ ಬೇರೆ. ಬಲಾಸ್ಟ್ ಸುಟ್ಟೋದ್ರೆ ಹಿಂಗೇ, ಕೀ ಬಿಟ್ರೆ ಆಫು. ನಿನ್ ಪಂಪಿಗೂ ಎರಡು ದಾರಿ ಐತಾ ನೋಡು.’

ವೈರಿಂಗ್ ಡಯಾಗ್ರಾಂ ನಾನು ಮೂರು ವಾರದಿಂದ ನೋಡುತ್ತಲೇ ಇದ್ದೆ. ಈ ಪ್ರಶ್ನೆ ಇಟ್ಟುಕೊಂಡು ನೋಡಿರಲಿಲ್ಲ. ನೋಡಿದರೆ, ಹೌದು, ಎರಡು ದಾರಿ! ಸೆಲ್ಫ್ ಹೊಡೆಯುವಾಗ ಪಂಪಿನ ರಿಲೇಗೆ ಸ್ಟಾರ್ಟರ್ ಕಡೆಯಿಂದಲೇ ಆಜ್ಞೆ ಹೋಗುತ್ತದೆ. ಕೀ ಬಿಟ್ಟ ಮೇಲೆ ಆ ಆಜ್ಞೆ ಬರಬೇಕಾದದ್ದು ಗಾಳಿ ಅಳೆಯುವ ಡಬ್ಬಿಯಿಂದ. ಈ ಇಂಜಿನ್ನಿನಲ್ಲಿ ಅದರೊಳಗೊಂದು ಸಣ್ಣ ಬಾಗಿಲಿದೆ. ಇಂಜಿನ್ ಗಾಳಿ ಎಳೆದಾಗ ಬಾಗಿಲು ತೆರೆಯುತ್ತದೆ, ಒಳಗಿನ ಸ್ವಿಚ್ ಕೂಡಿಕೊಳ್ಳುತ್ತದೆ, ಪಂಪು ಓಡುತ್ತಿರುತ್ತದೆ. ಅಪಘಾತವಾಗಿ ಇಂಜಿನ್ ನಿಂತರೆ ಬಾಗಿಲು ಮುಚ್ಚಿ ಪಂಪೂ ನಿಲ್ಲಲಿ, ಪೆಟ್ರೋಲು ಚೆಲ್ಲಿ ಬೆಂಕಿಯಾಗದಿರಲಿ ಎಂಬ ಮುನ್ನೆಚ್ಚರಿಕೆ ಅದು.

ಅಪ್ಪನಿಗೆ ವಿವರಿಸಿದೆ. ‘ಬಾಗ್ಲು ಅಂದ್ಯಾ? ನಮ್ ಚೋಕ್ ಥರಾನೇ ಆಯ್ತಲ್ಲ. ಹಂಗಾದ್ರೆ ಬಾಗ್ಲು ತೆಗೀತಿಲ್ಲ. ಇಂಜಿನ್ನಿಗೆ ಗಾಳಿ ಬೇರೆ ಎಲ್ಲಿಂದ್ಲೋ ಬರ್ತೈತೆ. ಪೈಪ್ ನೋಡು, ಕೆಳಗಡೆ ಕೈ ಹಾಕಿ ನೋಡು.’

ಈ ಕಾರಿನ ಮೂತಿ ಕಿರಿದು, ಮಜ್ದಾದ ಗಾಳಿ ಪೈಪು ಹಿಡಿಸಲ್ಲ. ಅದಕ್ಕೇ ಸಿಲಿಕಾನ್ ಪೈಪು, ಪ್ಲಾಸ್ಟಿಕ್ ಮೊಣಕೈ ಸೇರಿಸಿ ನಾನೇ ಹೊಸ ದಾರಿ ಮಾಡಿದ್ದೆ. ಮೇಲಿನಿಂದ ನೋಡಲು ಲಕ್ಷಣವಾಗಿತ್ತು. ಕೆಳಗೆ ಕೈ ಹಾಕಿದೆ. ಕ್ಲಿಪ್ಪಿನಿಂದ ಜಾರಿ ಪೈಪು ಬಾಯಿ ಬಿಟ್ಟುಕೊಂಡಿತ್ತು, ನನ್ನ ಬೆರಳು ಸಲೀಸಾಗಿ ಒಳಗೆ ಹೋಯಿತು. ಇಂಜಿನ್ನು ಉಸಿರಾಡುತ್ತಿದ್ದುದು ಅಲ್ಲಿಂದ. ಡಬ್ಬಿಯ ಬಾಗಿಲಿಗೆ ಇಂಜಿನ್ ತಿರುಗುತ್ತಿದೆ ಎಂಬ ಸುದ್ದಿಯೇ ಮುಟ್ಟುತ್ತಿರಲಿಲ್ಲ.

ಪೈಪನ್ನು ಒಳಗೆ ಒತ್ತಿ ಕ್ಲಿಪ್ ಬಿಗಿದೆ. ಸೆಲ್ಫ್ ಹೊಡೆದೆ. ಕೀ ಬಿಟ್ಟೆ.

ಇಂಜಿನ್ ಓಡುತ್ತಲೇ ಇತ್ತು.

ಸೈಲೆನ್ಸರ್ ಅರ್ಧ ಮಾತ್ರ ಇದ್ದಿದ್ದರಿಂದ ಇಡೀ ಬೀದಿಗೆ ಕೇಳಿತು. ಪಕ್ಕದ ಮನೆ ಅಜ್ಜ ಕಿಟಕಿಯಿಂದ ಹೆಬ್ಬೆರಳು ತೋರಿಸಿದರು. ಹೆಂಡತಿ ಕಿವಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಳು. ಫೋನಿನಲ್ಲಿ ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ‘ಸ್ವಲ್ಪ ರೇಸ್ ಕೊಡು... ಬಿಡು... ಹ್ಞಾಂ, ನಾಲ್ಕೂ ಹೊಡೀತೈತೆ’ ಅಂದ. ಆಮೇಲೆ ‘ಊಟ ಮಾಡ್ಬೇಕು, ಇಡ್ತೀನಿ’ ಅಂತ ಫೋನ್ ಇಟ್ಟ. ನಾನು ಥ್ಯಾಂಕ್ಸ್ ಹೇಳೋಕೂ ಆಗಲಿಲ್ಲ.

ನೀವೂ ಕೈ ಹಾಕುವುದಾದರೆ

ಭಾರತದಲ್ಲಿ ಮನೆಯಲ್ಲಿ ಕಟ್ಟಿದ ಕಾರನ್ನು ರಸ್ತೆಗಿಳಿಸುವುದು ಸುಲಭವಲ್ಲ. ಕಂಪನಿ ಕೊಟ್ಟ ವಾಹನದ ಮೂಲ ಸ್ವರೂಪ ಬದಲಿಸುವುದಕ್ಕೇ ಮೋಟಾರು ವಾಹನ ಕಾಯ್ದೆಯ ತಡೆ ಇದೆ. ಇಲ್ಲಿ ಐವಿಎ ಎಂಬ ಪರೀಕ್ಷೆ ಪಾಸಾದರೆ ನೋಂದಣಿಗೆ ದಾರಿ ತೆರೆಯುತ್ತದೆ. ನನ್ನ ಕಾರಿಗೆ ಅದು ಇನ್ನೂ ಬಾಕಿ.

ಆದರೆ ಹಳೆ ಗಾಡಿ ರಿಪೇರಿಯ ಹವ್ಯಾಸ ಇರುವವರಿಗೆ ನಾನು ಕಲಿತ ನಾಲ್ಕು ಮಾತು:

• ಮೊದಲು ಅರ್ತ್ ನೋಡಿ. ಬಣ್ಣ, ತುಕ್ಕು ಕೆರೆದು ಬರಿ ಲೋಹಕ್ಕೆ ಬಿಗಿಯಿರಿ.

• ಇಂಜೆಕ್ಷನ್ ಪೈಪಿನಲ್ಲಿ ಇಂಜಿನ್ ಆಫ್ ಮಾಡಿದ ಮೇಲೂ ಒತ್ತಡ ಉಳಿದಿರುತ್ತದೆ. ಹಾಗೇ ಬಿಚ್ಚಿದರೆ ಪೆಟ್ರೋಲು ಮುಖಕ್ಕೇ ಚಿಮ್ಮುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ.

• ಇಮೊಬಿಲೈಸರ್ ಇರುವ ಕಾರಿನ ಇಂಜಿನ್ ತಂದರೆ ಅದರ ಇಸಿಯು, ಕೀ ಎಲ್ಲಾ ಜೊತೆಗೇ ತನ್ನಿ. ಜೋಡಿ ತಪ್ಪಿದರೆ ಸ್ಟಾರ್ಟ್ ಆಗುವುದಿಲ್ಲ.

• ಪಾರ್ಟ್ಸ್ ಕೊಳ್ಳುವ ಮೊದಲು ಕೇಳಿಕೊಳ್ಳಿ: ನಿಲ್ಲುತ್ತಿರುವುದು ಯಾವುದು, ಪೆಟ್ರೋಲೋ, ಕರೆಂಟೋ, ಗಾಳಿಯೋ? ನಾನು ಸುಮ್ಮನೆ ಕೊಂಡ ಇಸಿಯು ಈಗಲೂ ಶೆಲ್ಫಿನ ಮೇಲಿದೆ.

ಕಳೆದ ವಾರ ಅಪ್ಪನೇ ಫೋನ್ ಮಾಡಿದ್ದ. ಅವನಾಗಿಯೇ ಫೋನ್ ಮಾಡುವುದು ಅಪರೂಪ. ಎದುರು ಮನೆ ಹುಡುಗನ ಸ್ಕೂಟರ್ ಸ್ಟಾರ್ಟ್ ಆಗುತ್ತಿರಲಿಲ್ಲವಂತೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಸ್ಕೂಟರುಗಳೂ ಇಂಜೆಕ್ಷನ್ನೇ. ಹುಡುಗ ಅದನ್ನು ತಳ್ಳಿಕೊಂಡು ಹೊರಟಿದ್ದವನನ್ನು ಅಪ್ಪ ನಿಲ್ಲಿಸಿದ್ದಾನೆ.

‘ಕೀ ಆನ್ ಮಾಡಿದ್ರೆ ಪಂಪು ಒಂದ್ ಗಳಿಗೆ ಸಣ್ಣಗೆ ಗುಂಯ್ ಅಂತೈತೆ, ಕೇಳಿದೀಯಾ?’ ಅಂದ ಅಪ್ಪ. ‘ಅದು ಅನ್ತಿರ್ಲಿಲ್ಲ. ಫ್ಯೂಸು ಹೋಗಿತ್ತು. ಹತ್ತು ರೂಪಾಯಿ ಕೆಲ್ಸ.’

‘ಹೆಂಗೆ ಗೊತ್ತಾಯ್ತು ಅಪ್ಪ?’

‘ಸ್ಕ್ರೂಡ್ರೈವರ್ ಇಟ್ ಕೇಳ್ದೆ’ ಅಂದ.