ರುಮಾಲಿನೊಳಗಿನ ಜಮೀನು

ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕುವ, ಬುಡಕಟ್ಟಿಗೆ ಸೇರದ ರೈತನಿಗೆ ಕಾನೂನು ಒಂದು ಲೆಕ್ಕ ಕೇಳುತ್ತದೆ. 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅವನ ಕುಟುಂಬ ಕಾಡನ್ನು ನೆಚ್ಚಿ ಬದುಕಿತ್ತೇ? ಶಿಕಾರಿಪುರ, ಸೊರಬದ ಕಾಡಂಚಿನ ಊರುಗಳವರಿಗೆ ಆಗ ಬೇಕಾಗುವುದು 1930ರ ಆಸುಪಾಸಿನ ಕಾಗದ. ಹಿರಿಯರ ಹೇಳಿಕೆಯನ್ನೂ ಪುರಾವೆಯಾಗಿ ಒಪ್ಪಬಹುದೆಂದು ನಿಯಮ ಹೇಳುತ್ತದೆ, ನಿಜ. ಆದರೂ ಹಳೆಯ ಸರ್ಕಾರಿ ದಾಖಲೆಯೊಂದು ಕೈಯಲ್ಲಿದ್ದರೆ ಅರ್ಜಿಗೆ ಬರುವ ಬಲವೇ ಬೇರೆ.

ಸರ್ಕಾರಿ ಕಚೇರಿಯ ಲೆಕ್ಕ ಇನ್ನೊಂದು. ಕರ್ನಾಟಕದಲ್ಲಿ ಕಡತಗಳಿಗೆ ಐದು ಬಗೆಯ ಆಯಸ್ಸು: ‘ಎ’ ವರ್ಗದ್ದು ಶಾಶ್ವತ, ‘ಬಿ’ 30 ವರ್ಷ, ‘ಸಿ’ 10, ‘ಡಿ’ 5, ‘ಇ’ ಒಂದೇ ವರ್ಷ. ಕಡತ ಮುಕ್ತಾಯವಾದಾಗ ಅದರ ಮೇಲೆ ಬರೆಯುವ ಈ ಒಂದಕ್ಷರ ಮುಂದಿನದ್ದನ್ನೆಲ್ಲ ತೀರ್ಮಾನಿಸುತ್ತದೆ. ರಜೆ ಅರ್ಜಿಗೆ, ಸಾದಿಲ್ವಾರು ಖರ್ಚಿನ ಬಿಲ್ಲಿಗೆ ಕಡಿಮೆ ಆಯಸ್ಸು ಸಾಕು. ಆದರೆ ಸಾಗುವಳಿ, ಗಡಿ, ಹಕ್ಕು ಬದಲಾವಣೆಯ ಕಾಗದಕ್ಕೆ ತಪ್ಪು ಅಕ್ಷರ ಬಿದ್ದರೆ ಒಂದು ಮನೆತನದ ಪುರಾವೆಯೇ ಹೋದಂತೆ.

‘ಕಡತ’ ಎಂಬ ಮಾತೇ ಹಳೆಯದು. ಹಿಂದೆ ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಆ ಕಪ್ಪು ಬಟ್ಟೆಯ ಪುಸ್ತಕವೇ ಕಡತ. ಬಟ್ಟೆ ಹೋಗಿ ಕಾಗದ ಬಂತು, ಹೆಸರು ಹಾಗೇ ನಿಂತಿತು. ಬಟ್ಟೆಯೂ ಪೂರ್ತಿ ಹೋಗಲಿಲ್ಲ. ರೆಕಾರ್ಡ್ ರೂಮಿನಲ್ಲಿ ಹಳೆಯ ಕಡತಗಳನ್ನು ಇಂದಿಗೂ ರುಮಾಲಿನಲ್ಲಿ ಗಂಟು ಕಟ್ಟಿ ಇಡುತ್ತಾರೆ.

ಅಂಥದೊಂದು ರುಮಾಲು ಬಿಚ್ಚಿ ಮೂಲ ಟಿಪ್ಪಣಿಯ ಹಾಳೆಯನ್ನು ಹತ್ತಿರದಿಂದ ನೋಡಬೇಕು. ಅದು ಅಳತೆಯವರು ಹೊಲದಲ್ಲಿ ನಿಂತು ಗೀಚಿದ ಕೈನಕ್ಷೆ. ನಡುವೆ ಒಂದು ಗೆರೆ, ಅದರ ಅಕ್ಕಪಕ್ಕ ಸರಪಳಿ ಮತ್ತು ಆಣೆಯ ಅಂಕಿಗಳು. ಒಂದು ಸರಪಳಿ 33 ಅಡಿ, ಅದರ ಹದಿನಾರನೇ ಒಂದು ಪಾಲು ಆಣೆ. ಸರಪಳಿ ಉದ್ದ, ಸರಪಳಿ ಅಗಲದ ನೆಲ ಒಂದು ಗುಂಟೆ. ಹಾಳೆ ಮೊದಲು ಸವೆಯುವುದು ಮಡಿಕೆಯಲ್ಲಿ. ಅಲ್ಲಿದ್ದ 4 ಆಣೆಯನ್ನು 9 ಎಂದು ಓದಿಕೊಂಡರೆ ಬೇಲಿ ಹತ್ತಡಿ ಪಕ್ಕಕ್ಕೆ ಸರಿಯುತ್ತದೆ. ಹದ್ದುಬಸ್ತಿನ ಜಗಳಗಳು ಇಂಥ ಸವೆದ ಮಡಿಕೆಯಿಂದಲೂ ಹುಟ್ಟುತ್ತವೆ. ಮಲೆನಾಡ ಸೆರಗಿನ ಈ ತಾಲ್ಲೂಕುಗಳ ಮಳೆಗಾಲದ ಥಂಡಿ, ಗೆದ್ದಲು ಸೇರಿದರೆ ಅಂಕಿಯಷ್ಟೇ ಅಲ್ಲ, ಹಾಳೆಯೇ ಇರುವುದಿಲ್ಲ.

ಸೊರಬದ ಗೇಣಿದಾರರ ಮಕ್ಕಳಿಗೆ ಬೇಕಾಗುವ ಕಾಗದ ಇನ್ನೊಂದಿದೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಂತೆ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಟ್ಟರು, ಭೂ ನ್ಯಾಯಮಂಡಳಿ ತೀರ್ಪು ಕೊಟ್ಟಿತು, ಹಕ್ಕುಪತ್ರ ನಮೂನೆ 10ರಲ್ಲಿ ಕೈಗೆ ಬಂತು. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹ ಕೇಳಿದ ನ್ಯಾಯಕ್ಕೆ ಕಡೆಗೆ ಸಿಕ್ಕ ರುಜುವಾತು ಆ ಹಾಳೆ. ಮನೆಯಲ್ಲಿದ್ದ ಪ್ರತಿ ಕಳೆದುಹೋದರೆ ಉಳಿಯುವ ಆಸರೆ ನ್ಯಾಯಮಂಡಳಿಯ ಕಡತ ಮಾತ್ರ.

2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅದು ಆಗಿನ ಪಹಣಿಯನ್ನು ಹಿಡಿದಿಟ್ಟಿತೇ ಹೊರತು ಹಿಂದಿನ ರುಮಾಲುಗಳನ್ನು ಮುಟ್ಟಲಿಲ್ಲ. ಆ ಹಳೆಯ ಹಾಳೆಗಳನ್ನೇ ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ ಶುರುವಾದದ್ದು 2024ರಲ್ಲಿ. ಒಳ್ಳೆಯ ಕೆಲಸವೇ. ಆದರೆ ಸ್ಕ್ಯಾನ್ ಆಯಿತೆಂದು ಮೂಲ ಹಾಳೆಯನ್ನು ಕೈಬಿಡಬಾರದು. ತಿದ್ದಿದ ಗುರುತು, ಶಾಯಿಯ ವ್ಯತ್ಯಾಸ, ಮೊಹರಿನ ಒತ್ತು ಪತ್ತೆಯಾಗುವುದು ಕಾಗದದ ಮೇಲೆಯೇ.

ಹಾಗೆಂದು ಎಲ್ಲವನ್ನೂ ಇಟ್ಟುಕೊಳ್ಳುವುದೂ ಕಾಪಾಡಿದಂತಲ್ಲ. ಅವಧಿ ಮುಗಿದ ಬಿಲ್ಲುಗಳ ರಾಶಿಯಡಿ ಸಿಕ್ಕ ಟಿಪ್ಪಣಿ ಇದ್ದೂ ಇಲ್ಲದಂತೆ. ವಿಲೇವಾರಿಗೆ ಕ್ರಮವಿದೆ: ಅವಧಿ ತೀರಿದ ಕಡತಗಳ ಪಟ್ಟಿ ಮಾಡಬೇಕು, ಒಂದೊಂದನ್ನೂ ಮತ್ತೆ ಪರಿಶೀಲಿಸಬೇಕು, ಅಧಿಕಾರಿಯ ಒಪ್ಪಿಗೆ ಪಡೆದು ನಾಶಪಡಿಸಬೇಕು, ಅದನ್ನು ವಹಿಯಲ್ಲಿ ನಮೂದಿಸಬೇಕು.

ಈ ನೆಲಕ್ಕೆ ದಾಖಲೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಕಂಬದ ಮೇಲೆ ಸಾತಕರ್ಣಿಯ ದಾನಶಾಸನವಿದೆ. ಅದೇ ಕಂಬದಲ್ಲಿ ಕದಂಬ ಅರಸನ ದತ್ತಿಯೂ ಇದೆ. ತಾಳಗುಂದದ ಸ್ತಂಭಶಾಸನ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೇ ಸಂಪುಟದಲ್ಲಿ ‘ಶಿಕಾರಿಪುರ 176’ ಆಗಿ ದಾಖಲಾಯಿತು. ಆ ಸಂಪುಟ ಬಂದದ್ದು 1902ರಲ್ಲಿ. ಇಂದಿಗೂ ಸಂಶೋಧಕರು ಆ ಸಂಖ್ಯೆ ಹೇಳಿದರೆ ಸಾಕು, ಶಾಸನ ಸಿಗುತ್ತದೆ.

ಕಚೇರಿಯ ಕಡತಕ್ಕೂ ಅಂಥ ಸಂಖ್ಯೆ ಬೇಕು. ದಾಖಲೆಗಳನ್ನು ಸೂಚಿ ಸಮೇತ ಇಡಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಎ) ಕಲಮೇ ಹೇಳುತ್ತದೆ. ನಕಲು ಬೇಕಾದವರು ಹೋಬಳಿ, ಗ್ರಾಮ, ಸರ್ವೆ ನಂಬರ್, ವರ್ಷ ಬರೆದುಕೊಂಡು ಹೋದರೆ ಹುಡುಕುವವರಿಗೂ ಸುಲಭ. ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಬಂದರೆ, ನಾಶಪಡಿಸಿದ ಕಡತಗಳ ವಹಿಯ ಪ್ರತಿ ಕೇಳಬೇಕು. ಅಲ್ಲಿ ಆ ಸಂಖ್ಯೆ ಇದ್ದರೆ ಯಾರ ಒಪ್ಪಿಗೆಯಿಂದ, ಯಾವ ದಿನ ಹೋಯಿತೆಂದು ತಿಳಿಯುತ್ತದೆ. ಇಲ್ಲದಿದ್ದರೆ ಅದು ನಾಶವಾದದ್ದಲ್ಲ, ಕಾಣೆಯಾದ ಕಡತ. ಹುಡುಕಿ ಕೊಡಿ ಎಂದು ಮತ್ತೆ ಅರ್ಜಿ ಬರೆಯಬಹುದು.